ಎದೆಯಲ್ಲಿ ನಿಲ್ಲುವ ತುತ್ತು



"ರೊಟ್ಟಿ ಎದ್ಯಾಗ ನಿಂದರ್ತದ ನೋಡ್ರಿ." ನಮ್ಮ ಕಲಬುರಗಿ ಕಡೆಯ ರೋಗಿ ಇಷ್ಟು ಹೇಳುವ ಹೊತ್ತಿಗೆ ಬಹಳ ಕಾಲ ಕಳೆದಿರುತ್ತದೆ. ಕಡಕ್ ರೊಟ್ಟಿ ಬಿಟ್ಟು ಬಿಸಿ ರೊಟ್ಟಿ, ಅದನ್ನೂ ಬಿಟ್ಟು ಹಾಲಿನಲ್ಲಿ ನೆನೆಸಿದ್ದು, ಆಮೇಲೆ ನುಚ್ಚು, ಅಂಬಲಿ. ಪ್ರತಿ ತುತ್ತಿನ ಹಿಂದೆ ನೀರು ಕುಡಿದು ನೂಕುವುದು. ಮನೆಯವರು ಅಕ್ಕರೆಯಿಂದ ಮೆತ್ತಗೆ ಮಾಡಿಕೊಟ್ಟಷ್ಟೂ ರೋಗ ಮರೆಯಾಗುತ್ತದೆ. ಎಲ್ಲರ ಊಟ ಮುಗಿದ ಮೇಲೆ ಒಬ್ಬಳೇ ಉಣ್ಣುವ ಹೆಣ್ಣುಮಗಳ ಕಷ್ಟವನ್ನಂತೂ ಯಾರೂ ಕಂಡೇ ಇರುವುದಿಲ್ಲ. ನನ್ನನ್ನು ಕಾಡುವುದು ಈ ತಡ.

ರೋಗದ ಹೆಸರು ಅಕಲೇಶಿಯಾ ಕಾರ್ಡಿಯಾ. ಅಪರೂಪದ್ದು, ಲಕ್ಷ ಜನರಲ್ಲಿ ವರ್ಷಕ್ಕೆ ಸುಮಾರು ಒಬ್ಬರಿಗೆ ಹೊಸದಾಗಿ ಬರುತ್ತದೆ. ಅನ್ನನಾಳ ಜಠರವನ್ನು ಸೇರುವಲ್ಲಿರುವ ಸ್ನಾಯುವಿನ ಬಳೆ ನುಂಗಿದಾಗಲೆಲ್ಲ ಸಡಿಲಾಗಬೇಕು. ಸಡಿಲಿಸುವ ನರಕೋಶಗಳು ನಶಿಸಿದರೆ ಬಳೆ ಬಿಗಿದೇ ಇರುತ್ತದೆ, ಅನ್ನನಾಳದ ತಳ್ಳುವ ಅಲೆಯೂ ಕೆಡುತ್ತದೆ. ಬೇರಿಯಂ ಕುಡಿಸಿ ತೆಗೆದ ಎಕ್ಸ್‌ರೇಯಲ್ಲಿ ಅನ್ನನಾಳ ಮೇಲೆ ಉಬ್ಬಿ, ತುದಿಯಲ್ಲಿ ಹಕ್ಕಿಯ ಕೊಕ್ಕಿನಂತೆ ಚೂಪಾಗಿ ಕಾಣುತ್ತದೆ. ಒಳಗಿನ ಒತ್ತಡ ಅಳೆಯುವ ಮನೋಮೆಟ್ರಿ ರೋಗವನ್ನು ಖಚಿತಪಡಿಸಿ, ಮೂರು ಬಗೆಗಳಲ್ಲಿ ಯಾವುದೆಂದು ಹೇಳುತ್ತದೆ.

1674ರಲ್ಲಿ ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ಇಂಥ ರೋಗಿಯೊಬ್ಬನ ವಿವರ ಬರೆದರು. ತುದಿಗೆ ಸ್ಪಂಜು ಕಟ್ಟಿದ ಬಾಗುವ ಕಡ್ಡಿಯಿಂದ ಆತ ಅನ್ನವನ್ನು ತಾನೇ ಕೆಳಗೆ ನೂಕಿಕೊಂಡು ವರ್ಷಗಟ್ಟಲೆ ಬದುಕಿದ. 1913ರಲ್ಲಿ ಜರ್ಮನಿಯ ಅರ್ನ್ಸ್ಟ್ ಹೆಲರ್ ಶಸ್ತ್ರಕ್ರಿಯೆಯಿಂದ ಆ ಸ್ನಾಯುವನ್ನೇ ಸೀಳಿದರು. ಬಲೂನಿನಿಂದ ಹಿಗ್ಗಿಸುವ ಚಿಕಿತ್ಸೆಯೂ ಇದೆ, ಇಂದಿಗೂ ಉಪಯುಕ್ತ.

2008ರ ಸೆಪ್ಟೆಂಬರಿನಲ್ಲಿ ಜಪಾನಿನ ಹರುಹಿರೋ ಇನೋವೆ ಅದೇ ಸ್ನಾಯುವನ್ನು ಬಾಯಿಯ ದಾರಿಯಿಂದ ಕತ್ತರಿಸಿದರು. ಇದೇ ಪೋಯೆಮ್ (POEM), ಅಂದರೆ ಪರ್‌ಓರಲ್ ಎಂಡೋಸ್ಕೋಪಿಕ್ ಮಯೋಟಮಿ. ರೋಗಿಗೆ ಪೂರ್ಣ ಅರಿವಳಿಕೆ ಕೊಟ್ಟು ಎಂಡೋಸ್ಕೋಪ್ ಇಳಿಸುತ್ತಾರೆ. ಅನ್ನನಾಳದ ಒಳಪೊರೆಯಲ್ಲಿ ಸಣ್ಣ ಸೀಳು ಮಾಡಿ, ಪೊರೆಗೂ ಸ್ನಾಯುವಿಗೂ ನಡುವೆ ಸುರಂಗ ಕೊರೆಯುತ್ತಾ ಜಠರದ ಬಾಯಿ ದಾಟಿ 2–3 ಸೆಂಟಿಮೀಟರ್ ಹೋಗುತ್ತಾರೆ. ಬಿಗಿದ ಸ್ನಾಯುವನ್ನು ಸುರಂಗದೊಳಗಿಂದಲೇ ಕತ್ತರಿಸಿ, ಮೇಲಿನ ಸೀಳಿಗೆ ಕ್ಲಿಪ್ ಹಾಕುತ್ತಾರೆ. ಹೊಟ್ಟೆಯ ಮೇಲೆ ಗಾಯವಿಲ್ಲ, ಹೊಲಿಗೆಯಿಲ್ಲ. ಸೆಡೆತ ಹೆಚ್ಚಿರುವ ಮೂರನೆಯ ಬಗೆಯಲ್ಲಿ ಸೀಳನ್ನು ಬೇಕಾದಷ್ಟು ಮೇಲಿನವರೆಗೆ ಒಯ್ಯಬಹುದು. ಈ ವಿಧಾನದ ದೊಡ್ಡ ಅನುಕೂಲ ಇದೆಂದು ನನ್ನ ಎಣಿಕೆ.

ಆದರೆ ಪೋಯೆಮ್ ಸತ್ತ ನರಕೋಶಗಳನ್ನು ಮರಳಿ ತರುವುದಿಲ್ಲ. ದಾರಿ ತೆರೆಯುತ್ತದೆ ಅಷ್ಟೇ. 2019ರಲ್ಲಿ ಪ್ರಕಟವಾದ, 221 ರೋಗಿಗಳ ಮೇಲೆ ನಡೆದ ಅಧ್ಯಯನದಲ್ಲಿ ಎರಡು ವರ್ಷದ ಯಶಸ್ಸು ಪೋಯೆಮ್‌ನಲ್ಲಿ ಶೇ. 83, ಹೆಲರ್ ಶಸ್ತ್ರಕ್ರಿಯೆಯಲ್ಲಿ ಶೇ. 81.7. ಆಮ್ಲ ಮೇಲೇರಿ ಅನ್ನನಾಳ ಉರಿಗೊಂಡದ್ದು ಮಾತ್ರ ಪೋಯೆಮ್‌ನಲ್ಲಿ ಶೇ. 44, ಶಸ್ತ್ರಕ್ರಿಯೆಯಲ್ಲಿ ಶೇ. 29. ಹೀಗಾಗಿ ಆಮ್ಲ ತಗ್ಗಿಸುವ ಗುಳಿಗೆ, ಆಗಾಗ ತಪಾಸಣೆ ತಪ್ಪಿಸುವಂತಿಲ್ಲ. ಇದನ್ನು ರೋಗಿಗೆ ಮೊದಲೇ ಹೇಳಬೇಕು.

ಈ ಚಿಕಿತ್ಸೆಯಲ್ಲಿ ದೊಡ್ಡ ಅನುಭವವಿರುವ ಕೇಂದ್ರಗಳಲ್ಲಿ ಒಂದು ಹೈದರಾಬಾದಿನ ಏಷ್ಯನ್ ಇನ್‌ಸ್ಟಿಟ್ಯೂಟ್ ಆಫ್ ಗ್ಯಾಸ್ಟ್ರೋಎಂಟರಾಲಜಿ. ಕಲಬುರಗಿಯಿಂದ ಸುಮಾರು 220 ಕಿಲೋಮೀಟರ್. ನಮ್ಮ ರೋಗಿ ಎಡವುವುದು ಆ ದಾರಿಯಲ್ಲಲ್ಲ, ಅದಕ್ಕೂ ಮೊದಲು. ರಾತ್ರಿ ಮಲಗಿದಾಗ ಉಂಡದ್ದು ಬಾಯಿಗೆ ಬಂದು ಶ್ವಾಸನಾಳಕ್ಕೆ ಇಳಿಯುತ್ತದೆ. ಕೆಮ್ಮು, ಜ್ವರ, ಸೊರಗುವಿಕೆ. ಕ್ಷಯವೆಂದೋ ದಮ್ಮೆಂದೋ ಔಷಧಿ ನಡೆಯುತ್ತಿರುತ್ತದೆ.

ಇಲ್ಲಿ ಆಶಾ ಕಾರ್ಯಕರ್ತೆಯರು ನಾಲ್ಕು ಮಾತು ಕೇಳಿದರೆ ಸಾಕು: ನುಂಗುವಾಗ ನಿಲ್ಲುತ್ತದೆಯೇ, ಉಂಡದ್ದು ಮರಳಿ ಬರುತ್ತದೆಯೇ, ಎದೆ ನೋಯುತ್ತದೆಯೇ, ತೂಕ ಇಳಿದಿದೆಯೇ. ರೋಗದ ತೀವ್ರತೆ ಅಳೆಯಲು ವೈದ್ಯರು ಎಕಾರ್ಟ್ ಅಂಕ ಹಾಕುವುದೂ ಇವೇ ನಾಲ್ಕರ ಮೇಲೆ. ಜೊತೆಗೆ, ನೀರೂ ನಿಲ್ಲುತ್ತದೆಯೇ ಎಂದು ಕೇಳಿರಿ. ಗಟ್ಟಿ ಅನ್ನ ಮೊದಲು ನಿಂತು, ದಿನ ಕಳೆದಂತೆ ನೀರೂ ನಿಲ್ಲತೊಡಗಿದರೆ ಕ್ಯಾನ್ಸರಿನ ಶಂಕೆ ಮೊದಲು. ಶುರುವಿನಿಂದಲೇ ಎರಡೂ ನಿಂತರೆ ಅಕಲೇಶಿಯಾ ಇರಬಹುದು. ಉತ್ತರ ಯಾವುದೇ ಬರಲಿ, ಎಂಡೋಸ್ಕೋಪಿಗೂ ಬೇರಿಯಂ ಎಕ್ಸ್‌ರೇಗೂ ಆ ವಾರವೇ ಕಲಬುರಗಿಗೆ ಕಳಿಸಿರಿ.