ಗಾಂಜಾ ಬಿಟ್ಟವನ ಕೈಯಲ್ಲಿ ಬೀಡಿ ಉಳಿದರೆ





ಮಗ ಗಾಂಜಾ ಬಿಟ್ಟರೆ ಸಾಕು, ಬೀಡಿ ಸೇದಿದರೆ ಸೇದಲಿ ಎನ್ನುವ ಹೆತ್ತವರು ನಮ್ಮ ಮೊಹಲ್ಲಾಗಳಲ್ಲಿದ್ದಾರೆ. ಅಮಲೇರಿಸುವ ಗಾಂಜಾ ಹರಾಮ್ ಎಂಬುದರಲ್ಲಿ ಅವರಿಗೆ ಸಂಶಯವಿಲ್ಲ. ತಂಬಾಕನ್ನು ಕೆಲವು ಉಲಮಾಗಳು ಮಕ್ರೂಹ್ ಎಂದರೆ ಇನ್ನು ಕೆಲವರು ಹರಾಮ್ ಎಂದಿದ್ದಾರೆ. ಈ ಭಿನ್ನಾಭಿಪ್ರಾಯವನ್ನೇ ಅನೇಕರು ರಿಯಾಯಿತಿಯೆಂದು ಭಾವಿಸಿಕೊಂಡಿದ್ದಾರೆ. ಬೀಡಿ ಕಟ್ಟಿಯೇ ಸಂಸಾರ ನಡೆಸುವ ಕರಾವಳಿಯ ಮನೆಗಳಲ್ಲಂತೂ ಅದರ ವಿರುದ್ಧ ಮಾತನಾಡಲು ನಾಲಗೆ ಹೊರಳುವುದಿಲ್ಲ.

ಆದರೆ ಗಾಂಜಾ ಸೇದುವವರಲ್ಲಿ ಹಲವರು ಸಿಗರೇಟಿನ ತಂಬಾಕನ್ನು ಉದುರಿಸಿ, ಅದರೊಂದಿಗೆ ಬೆರೆಸಿಯೇ ಸೇದುತ್ತಾರೆ. ಅವರ ದೇಹ ಎರಡಕ್ಕೂ ದಾಸನಾಗಿರುತ್ತದೆ. ಗಾಂಜಾ ಮಾತ್ರ ಬಿಟ್ಟವನು ಸಿಗರೇಟನ್ನು ಹೆಚ್ಚಿಸುತ್ತಾನೆ. ಅದೇ ಗೂಡಂಗಡಿ, ಅದೇ ಗೆಳೆಯರು ಅವನನ್ನು ಪುನಃ ಗಾಂಜಾದತ್ತ ಎಳೆಯುತ್ತಾರೆ. ಸಿಗರೇಟು ಮಾತ್ರ ಬಿಟ್ಟವನ ಎದೆಗೂ ಗಾಂಜಾದ ಜತೆ ತಂಬಾಕು ಇಳಿಯುತ್ತಲೇ ಇರುತ್ತದೆ. ಆದ್ದರಿಂದ ಇಂಥವರಿಗೆ ಎರಡನ್ನೂ ಒಟ್ಟಿಗೆ ಬಿಡಲು ನೆರವಾಗಬೇಕೆಂಬುದು ನಮ್ಮ ಅಭಿಪ್ರಾಯ.

ಎರಡರ ಸಂಕಟವೂ ಬಹುಮಟ್ಟಿಗೆ ಒಂದೇ: ಸಿಡುಕು, ಚಡಪಡಿಕೆ, ನಿದ್ರಾಹೀನತೆ. ಮೊದಲ ವಾರ ಅತ್ಯಂತ ಕಠಿಣ. ಗಾಂಜಾ ಬಿಟ್ಟವನಿಗೆ ಹಸಿವು ಕುಗ್ಗುತ್ತದೆ; ವಿಚಿತ್ರ ಕನಸುಗಳು ಕೆಲವು ವಾರ ಕಾಡಬಹುದು. ಇದನ್ನು ಕಂಡು ಜಿನ್ನ್ ಹಿಡಿದಿದೆಯೆಂದು ತಾವೀಝಿಗೆ ಓಡುವವರೂ ಉಂಟು! ಗಾಂಜಾ ಚಟಕ್ಕೆಂದೇ ಅಂಗೀಕೃತವಾದ ಔಷಧಿಯಿಲ್ಲ, ಆಪ್ತಸಲಹೆಯೇ ಮುಖ್ಯ ಚಿಕಿತ್ಸೆ. ತಂಬಾಕಿಗಾದರೋ ನಿಕೋಟಿನ್ ಗಮ್ ಇದೆ. ಅದನ್ನು ನಿಧಾನವಾಗಿ ಅಗಿದು ಕೆನ್ನೆಯ ಬದಿಯಲ್ಲಿರಿಸಬೇಕು, ನುಂಗಬಾರದು. ಮಾನಸಿಕ ಕಾಯಿಲೆಗೆ ಕ್ಲೋಜಪಿನ್ ಅಥವಾ ಓಲಾಂಜಪಿನ್ ಸೇವಿಸುವವರು ಮೊದಲೇ ವೈದ್ಯರಿಗೆ ತಿಳಿಸಲೇಬೇಕು. ಹೊಗೆ ನಿಂತಾಗ ರಕ್ತದಲ್ಲಿ ಆ ಮದ್ದಿನ ಪ್ರಮಾಣ ಏರುತ್ತದೆ.

ಆಸ್ಪತ್ರೆಗೆ ಹೋದರೆ ಪೊಲೀಸರು ಬರುತ್ತಾರೆ, ಮನೆಯ ಹೆಣ್ಣುಮಕ್ಕಳ ಸಂಬಂಧ ತಪ್ಪುತ್ತದೆ ಎಂಬ ಭಯದಿಂದ ಎಷ್ಟೋ ತಾಯಂದಿರು ಮೌನವಾಗಿದ್ದಾರೆ. 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ಅವರಿಗೆ ತಿಳಿದಿರಲಿ: ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಲುಕಿದ ವ್ಯಸನಿ ಸ್ವಇಚ್ಛೆಯಿಂದ ಸರಕಾರಿ ಅಥವಾ ಸರಕಾರದಿಂದ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದರೆ ಆ ಅಪರಾಧಕ್ಕಾಗಿ ಮೊಕದ್ದಮೆಯಿಂದ ರಕ್ಷಣೆಯಿದೆ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ರದ್ದಾಗಬಹುದು. ಮಾದಕ ವ್ಯಸನಕ್ಕೆ 14446, ತಂಬಾಕಿಗೆ 1800-11-2356 ಎಂಬ ಉಚಿತ ಸಹಾಯವಾಣಿಗಳಿವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ಕೇಂದ್ರವೇ ಇದೆ.

ರಮಝಾನಿನಲ್ಲಿ ಹಗಲಿಡೀ ಎರಡನ್ನೂ ಮುಟ್ಟದ ಯುವಕ ಇಫ್ತಾರ್ ಮುಗಿದೊಡನೆ ಮಸೀದಿಯ ಗೋಡೆಯ ಆಚೆ ಬೀಡಿ ಹಚ್ಚುತ್ತಾನೆ. ಆ ಅರ್ಧ ಗಂಟೆ ಅವನನ್ನು ಒಂಟಿಯಾಗಿ ಬಿಡದಿರಲು ಪ್ರತಿ ಮೊಹಲ್ಲಾದಿಂದ ಇಬ್ಬರು ಮುಂದೆ ಬರುವಿರಾ? ನಡುವೆ ಒಮ್ಮೆ ಜಾರಿದವನ ಹೆಸರನ್ನು ಜಮಾಅತ್ ಸಭೆಯಲ್ಲಿ ಎತ್ತದಿರಲು ಮಸೀದಿ ಸಮಿತಿ ಇಂದೇ ನಿರ್ಣಯಿಸಲಿ.