ಕಡೆದ ಕಂಬದ ಸೀಮೆಯಲ್ಲಿ ಹಳೆಯ ಲೇತು



ಟಿ. ನರಸೀಪುರ ತಾಲ್ಲೂಕಿನ ಸೋಮನಾಥಪುರಕ್ಕೆ ಹೋದವರು ಕೇಶವ ದೇವಾಲಯದ ಹೊರಗೋಡೆಯ ಶಿಲ್ಪಗಳನ್ನು ನೋಡಿ ಬೆರಗಾಗುತ್ತಾರೆ. ಒಳಗಿನ ಕಂಬಗಳ ಮುಂದೆ ನಿಲ್ಲುವವರು ಕಡಿಮೆ. ಆ ಕಂಬಗಳ ಮೈಮೇಲೆ ಒಂದರ ಮೇಲೊಂದು ಬಳೆ ತೊಡಿಸಿದಂತೆ ನುಣುಪಾದ ಸುತ್ತುಗಳಿವೆ. ಕಲ್ಲನ್ನು ತಿರುಗಿಸುತ್ತ, ಉಳಿಯನ್ನು ಒತ್ತಿ ಹಿಡಿದು ಅವನ್ನು ಕಡೆದರೆಂಬುದು ವಿದ್ವಾಂಸರ ಅಭಿಪ್ರಾಯ. ಹೊಯ್ಸಳ ದಂಡನಾಯಕ ಸೋಮನಾಥ 1258ರಲ್ಲಿ ಕಟ್ಟಿಸಿದ ಈ ದೇವಾಲಯ 2023ರಲ್ಲಿ ಬೇಲೂರು, ಹಳೇಬೀಡುಗಳ ಜೊತೆ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿತು.

ಕನ್ನಡದಲ್ಲಿ ಮಜ್ಜಿಗೆಯನ್ನೂ ಕಡೆಯುತ್ತಾರೆ, ಕಂಬವನ್ನೂ ಕಡೆಯುತ್ತಾರೆ. ತಿರುಗಿಸಿ ಮಾಡುವ ಎರಡು ಕೆಲಸಕ್ಕೆ ಒಂದೇ ಮಾತು. ಕಬ್ಬಿಣವನ್ನು ಕರಾರುವಾಕ್ಕಾಗಿ ಕಡೆಯುವ ಯಂತ್ರ ಬಂದದ್ದು ಮಾತ್ರ ಬಹಳ ತಡವಾಗಿ. ಸುಮಾರು 1800ರಲ್ಲಿ ಇಂಗ್ಲೆಂಡಿನ ಹೆನ್ರಿ ಮಾಡ್‌ಸ್ಲೇ, ಉಳಿಯನ್ನು ಕೆಲಸಗಾರನ ಕೈಯಿಂದ ಬಿಡಿಸಿ, ಹಾಸಿನ ಮೇಲೆ ತಿರುಪಿನಿಂದ ಸರಿಯುವ ಹಿಡಿಕೆಗೆ ಕೊಟ್ಟ. ಅಂದಿನಿಂದ ಅಳತೆಯ ಹೊಣೆ ಯಂತ್ರದ ಹಾಸಿನ ಮೇಲೆ, ಅಂದರೆ ಬೆಡ್ಡಿನ ಮೇಲೆ ಬಿತ್ತು.

ಕರ್ನಾಟಕದಲ್ಲಿ ಹರಿಹರದ ಮೈಸೂರು ಕಿರ್ಲೋಸ್ಕರ್ 1941ರಲ್ಲಿ, ಬೆಂಗಳೂರಿನ ಎಚ್‌ಎಂಟಿ 1953ರಲ್ಲಿ ಸ್ಥಾಪನೆಯಾದವು. ಹರಿಹರದ ಕಾರ್ಖಾನೆ ಬಾಗಿಲು ಮುಚ್ಚಿ ಎರಡು ದಶಕ ದಾಟಿದೆ. ಅಲ್ಲಿ ತಯಾರಾದ ಲೇತುಗಳು ಕೈಯಿಂದ ಕೈಗೆ ಹೋಗುತ್ತ ಇಂದಿಗೂ ತಿರುಗುತ್ತಿವೆ.

ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಕಲಿತ ಟರ್ನರ್ ಒಬ್ಬ ಮನೆಯ ಗ್ಯಾರೇಜಿನಲ್ಲೇ ಅಂಥದೊಂದು ಲೇತು ಹೂಡಲು ಹೊರಟನೆನ್ನಿ. ಭತ್ತ, ಕಬ್ಬು ಬೆಳೆಯುವ ಈ ಸೀಮೆಯಲ್ಲಿ ಕೆಲಸಕ್ಕೆ ಕೊರತೆಯಿಲ್ಲ: ಪಂಪ್‌ಸೆಟ್ಟಿನ ಶಾಫ್ಟು, ಟ್ರ್ಯಾಕ್ಟರಿನ ಬುಷ್ಷು, ಆಲೆಮನೆಯ ಗಾಣದ ಬಿಡಿಭಾಗ. ಆದರೆ ಮನೆಯ ಒಡವೆ ಅಡವಿಟ್ಟು ತಂದ ಯಂತ್ರ ಗುಜರಿಯಾಗಬಾರದಲ್ಲ?

ಕೊಳ್ಳುವಾಗ ಹೊಸ ಬಣ್ಣಕ್ಕೆ ಮರುಳಾಗಬಾರದು. ಹಳೆಯ ಲೇತಿನ ಹಾಸು ಹೆಚ್ಚು ಸವೆಯುವುದು ಚಕ್ಕಿನ ಹತ್ತಿರ. ದಿನದ ಕೆಲಸವೆಲ್ಲ ನಡೆಯುವುದು ಅಲ್ಲೇ. ಕ್ಯಾರೇಜನ್ನು ಚಕ್ಕಿನ ಕಡೆ ತಂದು ತುಸು ಬಿಗಿ ಮಾಡಿ, ಮತ್ತೊಂದು ತುದಿಗೆ ಸರಿಸಿ ನೋಡಬೇಕು. ಅಲ್ಲಿ ಅದು ಸಿಕ್ಕಿಕೊಂಡರೆ ಹಾಸು ಸವೆದಿದೆಯೆಂದೇ ಅರ್ಥ. ಗೇರಿನ ಹಲ್ಲು ಮುರಿದಿದೆಯೇ, ಥ್ರೆಡ್ ಕೊರೆಯುವ ಬದಲಿ ಗೇರುಗಳೆಲ್ಲ ಇವೆಯೇ ಎಂದೂ ಎಣಿಸಿಕೊಳ್ಳಬೇಕು. ತಯಾರಿಸಿದ ಕಾರ್ಖಾನೆಯೇ ಇಲ್ಲದಾಗ ಬಿಡಿಭಾಗ ಹುಡುಕುವುದು ಕಷ್ಟ.

ಯಂತ್ರ ಮನೆಗೆ ಬಂದ ಮೇಲೆ ನೆಲದ ಪ್ರಶ್ನೆ. ನಂಜನಗೂಡು ರಸಬಾಳೆಯ ರುಚಿಗೆ ಇಲ್ಲಿನ ಜಿಗುಟು ಕಪ್ಪುಮಣ್ಣು ಕಾರಣವೆನ್ನುತ್ತಾರೆ. ಬಾಳೆಗೆ ಒಗ್ಗುವ ಮಣ್ಣು ಲೇತಿಗೆ ಒಗ್ಗದು. ಮಳೆಯಲ್ಲಿ ಅದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ಮೇಲಿನ ತೆಳು ಕಾಂಕ್ರೀಟು ಅದರೊಂದಿಗೆ ಓಲಾಡುತ್ತದೆ. ಆದ್ದರಿಂದ ಕಪ್ಪುಮಣ್ಣು ತೆಗೆದು, ಮೊರಂ ತುಂಬಿ ದಮ್ಮಸು ಮಾಡಿ, ಕಂಬಿ ಹಾಕಿದ ದಪ್ಪ ಕಾಂಕ್ರೀಟು ಸುರಿದು 28 ದಿನ ಕಾಯುವುದು ಒಳ್ಳೆಯದು.

ಇಷ್ಟೆಲ್ಲ ಏಕೆ? ಎರಕದ ಕಬ್ಬಿಣದ ಹಾಸು ಬಗ್ಗುವುದೇ ಇಲ್ಲವೆಂದು ಎಣಿಸುವವರಿದ್ದಾರೆ. ನಾಲ್ಕು ಮೂಲೆಗಳಲ್ಲಿ ಒಂದು ತುಸು ತಗ್ಗಿದರೂ ಅದು ತಿರುಚುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಗಾರೆಯವರ ರಸಮಟ್ಟ ಇಲ್ಲಿ ಸಾಲದು. ಮೀಟರಿಗೆ 0.02 ಮಿಲಿಮೀಟರ್ ಓರೆಯನ್ನು ತೋರಿಸುವ ರಸಮಟ್ಟವನ್ನು ಹಾಸಿನ ಎರಡೂ ತುದಿಗಳಲ್ಲಿ ಅಡ್ಡಲಾಗಿ ಇಟ್ಟು, ಕಾಲಿನಡಿ ತಗಡಿನ ತುಂಡು ಕೊಟ್ಟು ಸರಿಪಡಿಸಬೇಕು. ಕೊನೆಯ ತೀರ್ಪು ಕಬ್ಬಿಣದ್ದೇ. ದಪ್ಪನೆಯ ಸರಳೊಂದನ್ನು ಚಕ್ಕಿಗೆ ಕಚ್ಚಿಸಿ, ಟೈಲ್‌ಸ್ಟಾಕಿನ ಆಸರೆಯಿಲ್ಲದೆ, ಉಳಿಯ ಆಳ ಬದಲಿಸದೆ ಎರಡು ಕಡೆ ತೆಳುವಾಗಿ ಕಡೆದು ಮೈಕ್ರೋಮೀಟರಿನಲ್ಲಿ ಅಳೆಯಬೇಕು. ಎರಡೂ ಒಂದೇ ಬಂದರೆ ಸರಿ. ಇಲ್ಲವಾದರೆ ಟೈಲ್‌ಸ್ಟಾಕ್ ಬದಿಯ ಕಾಲುಗಳನ್ನು ಮತ್ತೆ ತಿದ್ದಬೇಕು. ಎಷ್ಟು ತಿದ್ದಿದರೂ ವ್ಯತ್ಯಾಸ ಉಳಿದರೆ ದೋಷ ಸವೆತದಲ್ಲೋ ಹೆಡ್‌ಸ್ಟಾಕಿನಲ್ಲೋ ಇರುತ್ತದೆ.

ಕರೆಂಟಿನ ವಿಷಯ ಇನ್ನೊಂದು. ಕಾರ್ಖಾನೆಯ ಲೇತಿಗೆ ಸಾಮಾನ್ಯವಾಗಿ ತ್ರೀ ಫೇಸ್ ಬೇಕು. ಆ ಸಂಪರ್ಕ ಪಡೆಯಬೇಕು, ಇಲ್ಲವೇ ಮೋಟಾರು ಬದಲಿಸಬೇಕು. ಎರಡು ಫೇಸ್ ಅದಲುಬದಲಾದರೆ ಮೋಟಾರು ಹಿಂದುಮುಂದಾಗಿ ತಿರುಗುತ್ತದೆ. ತಿರುಪಿನಿಂದ ಕೂರಿಸಿದ ಚಕ್ಕು ಬಿಚ್ಚಿ ಹಾರುವ ಅಪಾಯವಿದೆ. ಅರ್ತಿಂಗ್ ಕೆಲಸವನ್ನು ಬಲ್ಲವರಿಗೇ ಬಿಡಬೇಕು.

ಮನೆಯ ಯಂತ್ರವೆಂದು ಪಂಚೆ ಉಟ್ಟು, ಹೆಗಲಿಗೆ ಟವೆಲ್ ಹಾಕಿಕೊಂಡು ನಿಲ್ಲುವವರುಂಟು. ಸಡಿಲ ಬಟ್ಟೆ, ಕೈಗವಸು ಎರಡೂ ಸಲ್ಲವು. ಬಟ್ಟೆಯ ಚುಂಗು ಸಿಕ್ಕರೆ ತೋಳನ್ನೇ ಎಳೆದುಕೊಳ್ಳುತ್ತದೆ. ಚಕ್ ಕೀಲಿಯನ್ನು ಚಕ್ಕಿನಲ್ಲೇ ಬಿಟ್ಟು ಸ್ವಿಚ್ ಒತ್ತಬಾರದು. ಗ್ಯಾರೇಜಿಗೆ ಮಕ್ಕಳು ಬರುತ್ತಾರೆಂಬುದನ್ನು ಮರೆಯಬಾರದು.

ಒಮ್ಮೆ ಮಟ್ಟ ಮಾಡಿದರೆ ಮುಗಿಯಿತೆಂದಲ್ಲ. ಕಪ್ಪುಮಣ್ಣಿನ ಸೀಮೆಯಲ್ಲಿ ಬೇಸಿಗೆಯ ಕೊನೆಗೊಮ್ಮೆ, ಮಳೆ ಬಿದ್ದ ಮೇಲೊಮ್ಮೆ ನೋಡಬೇಕು. ಆ ಹೊತ್ತಿಗೆ ಹೇಗೂ ಆಯುಧಪೂಜೆ ಬರುತ್ತದೆ. ಲೇತಿಗೆ ಕುಂಕುಮ ಇಡುವ ಮುನ್ನ ಅದರ ಹಾಸಿನ ಮೇಲೆ ರಸಮಟ್ಟ ಇಟ್ಟರೆ ಪೂಜೆ ಸಾರ್ಥಕ.