ಸೂರಿನ ದಾಸೋಹವೂ ಸುದ್ದಿಯ ಋಣವೂ

(ಶ್ರೀಮಠದ ಮಹೋತ್ಸವದ ಅಂಗವಾಗಿ ಸವಳಂಗದಲ್ಲಿ ನೆರೆದ ಭಕ್ತರ ಸಭೆಯ ಉಪನ್ಯಾಸ)

 

ಮಾನವನ ಬಾಳಿಗೆ ಅನ್ನ, ಅರಿವು, ಆಸರೆ ಎಂಬೀ ಮೂರೂ ಬೇಕು. ಹಸಿದವನಿಗೆ ಅನ್ನವಿಕ್ಕುವುದು ಪುಣ್ಯವೆಂಬುದನ್ನು ಎಲ್ಲರೂ ಬಲ್ಲರು. ಅರಿವನ್ನು ಹಂಚುವುದು ಅದಕ್ಕಿಂತಲೂ ಹಿರಿದೆಂಬುದನ್ನೂ ಒಪ್ಪುವರು. ಆದರೆ ತಲೆಯ ಮೇಲೊಂದು ಸೂರಿಲ್ಲದವನಿಗೆ ಉಂಡ ಅನ್ನವೂ ಮೈಗೆ ಹತ್ತದು, ಓದಿದ ಅಕ್ಷರವೂ ಮನಸ್ಸಿನಲ್ಲಿ ನಿಲ್ಲದು ಎಂಬ ಸಂಗತಿಯು ಅಷ್ಟಾಗಿ ಆಲೋಚನೆಗೆ ಬರುವುದಿಲ್ಲ. ಈ ದಿನದ ವಿಷಯವು ಆ ಸೂರಿನ ದಾಸೋಹ. ಅದರಲ್ಲಿಯೂ, ಒಂದು ತಲೆಮಾರಿನಲ್ಲಿ ಹುಟ್ಟಿದ ಈ ದಾಸೋಹವು ಮುಂದಿನ ತಲೆಮಾರಿನಲ್ಲಿ ಬತ್ತದೆ ನಡೆದುಬರಬೇಕಾದರೆ ಏನು ಬೇಕು ಎಂಬ ವಿಚಾರ.

ಸವಳಂಗವು ದಾರಿಗಳು ಕೂಡುವ ಊರು. ಶಿವಮೊಗ್ಗೆಯಿಂದ ಶಿಕಾರಿಪುರಕ್ಕೆ ಹೋಗುವ ಮಾರ್ಗವು ಈ ಊರನ್ನು ಹಾಯ್ದು ಹೋಗುತ್ತದೆ. ನ್ಯಾಮತಿ ಹೊನ್ನಾಳಿಗಳ ದಾರಿಯೂ ಇಲ್ಲಿ ಬಂದು ಕೂಡುತ್ತದೆ. ಅಕ್ಕಮಹಾದೇವಿಯ ಉಡುತಡಿಗೂ, ಅಲ್ಲಮಪ್ರಭುದೇವರ ಬಳ್ಳಿಗಾವೆಗೂ ಹೋಗುವ ಯಾತ್ರಿಕರಿಗೆ ಇದು ಹಾದಿಯ ನೆಲೆ. 1997ರಲ್ಲಿ ದಾವಣಗೆರೆ ಜಿಲ್ಲೆಯು ಏರ್ಪಟ್ಟಾಗ ಹೊನ್ನಾಳಿ ಸೀಮೆಯು ಶಿವಮೊಗ್ಗ ಜಿಲ್ಲೆಯಿಂದ ಅದಕ್ಕೆ ಸೇರಿತು. ಅನಂತರ ನ್ಯಾಮತಿಯು ಬೇರೆ ತಾಲ್ಲೂಕಾಯಿತು. ಕಚೇರಿಗಳು ಬದಲಾದವು, ಗಡಿಗಳು ಬದಲಾದವು. ಆದರೆ ಸಂಜೆಗತ್ತಲಲ್ಲಿ ಬಂದ ದಾರಿಗನನ್ನು ಜಗಲಿಯ ಮೇಲೆ ಕೂಡಿಸಿ, ಕಾಲಿಗೆ ನೀರುಕೊಟ್ಟು, ಕಂಬಳಿ ಹಾಸುವ ಧರ್ಮವು ಯಾವ ಗಡಿಗೂ ಸೇರಿದ್ದಲ್ಲ.

ದಾನಕ್ಕೂ ದಾಸೋಹಕ್ಕೂ ಇರುವ ಅಂತರವನ್ನು ಇಲ್ಲಿ ಮೊದಲು ತಿಳಿಯತಕ್ಕದ್ದು. ದಾನದಲ್ಲಿ ಕೊಡುವವನು ಮೇಲೆ, ಕೊಳ್ಳುವವನು ಕೆಳಗೆ. ದಾಸೋಹದಲ್ಲಿ ಕೊಡುವವನೇ ದಾಸನು. ತನ್ನಲ್ಲಿರುವುದು ತನ್ನದಲ್ಲ, ಅದು ಸಮಾಜರೂಪಿಯಾದ ಜಂಗಮಕ್ಕೆ ಸಲ್ಲತಕ್ಕದ್ದೆಂಬ ಭಾವವೇ ಅದರ ಜೀವ. ಕಲ್ಯಾಣದಲ್ಲಿ ಬಸವೇಶ್ವರರ ಮನೆಯು ಮಹಾಮನೆಯೆನಿಸಿದ್ದು ಕಂಬಗಳ ಎತ್ತರದಿಂದಲ್ಲ, ಬಂದವರನ್ನು ಒಳಗೊಂಡ ಮನಸ್ಸಿನ ಅಗಲದಿಂದ. ಆದಕಾರಣ ಪರರಿಗೆ ನೆಲೆ ಕಲ್ಪಿಸುವ ಕಾರ್ಯವು ವೀರಶೈವ ಲಿಂಗಾಯತ ಮಠಗಳಿಗೆ ಹೊರಗಿನಿಂದ ಬಂದ ಉದ್ಯೋಗವಲ್ಲ. ಅದು ಮಹಾಮನೆಯ ಮುಂದುವರಿಕೆಯೇ ಸರಿ.

ಈ ಪರಂಪರೆಯಲ್ಲಿ ಗೃಹಸ್ಥ ಭಕ್ತರೊಬ್ಬರ ಹೆಸರನ್ನು ನೆನೆಯದೆ ಮುಂದೆ ಹೋಗಲಾಗದು. 1838ರಲ್ಲಿ ಜನಿಸಿ 1910ರಲ್ಲಿ ಲಿಂಗೈಕ್ಯರಾದ ಗುಬ್ಬಿಯ ತೋಟದಪ್ಪನವರು ಬೆಂಗಳೂರಿನಲ್ಲಿ ವ್ಯಾಪಾರದಿಂದ ಧನವನ್ನು ಸಂಪಾದಿಸಿದವರು. ಅವರಿಗೆ ಸಂತಾನವಿರಲಿಲ್ಲ. ದೂರದ ಊರುಗಳಿಂದ ರೈಲಿನಲ್ಲಿ ಬಂದು ಇಳಿದವರಿಗೆ ಪಟ್ಟಣದಲ್ಲಿ ತಂಗುವ ಠಾವಿಲ್ಲದಿರುವುದನ್ನು ಕಂಡು, ರೈಲ್ವೆ ನಿಲ್ದಾಣದ ಸಮೀಪದಲ್ಲಿ ಅವರು ಕಟ್ಟಿಸಿದ ಛತ್ರವು 1903ರಲ್ಲಿ ಪ್ರಾರಂಭವಾಯಿತು. ವಿದ್ಯಾರ್ಥಿಗಳಿಗೆ ಉಚಿತ ನಿಲಯವೂ ಆ ಧರ್ಮದೊಡನೆ ಬೆಳೆಯಿತು. ಮೈಸೂರಿನ ಅರಸರಾದ ನಾಲ್ವಡಿ ಕೃಷ್ಣರಾಜ ಒಡೆಯರವರು ಅವರಿಗೆ ‘ಧರ್ಮಪ್ರವರ್ತ’ ಎಂಬ ಬಿರುದನ್ನಿತ್ತು ಗೌರವಿಸಿದರು. ಆದರೆ ಬಿರುದಿಗಿಂತ ಹೆಚ್ಚಾಗಿ ಗಮನಿಸಬೇಕಾದ ಸಂಗತಿಯೊಂದುಂಟು. ತೋಟದಪ್ಪನವರು ತಮ್ಮ ಆಸ್ತಿಯನ್ನು ಕೇವಲ ಹಂಚಿ ಮುಗಿಸಲಿಲ್ಲ. ಅದನ್ನು ಒಂದು ಧರ್ಮಸಂಸ್ಥೆಯ ವಶಕ್ಕೆ ಒಪ್ಪಿಸಿದರು. ಒಬ್ಬರ ಕೈಯ ಹಣವು ಹಲವರ ಕಣ್ಣಿನ ಮುಂದಿನ ನಿಧಿಯಾಯಿತು. ಶತಮಾನವೊಂದು ಕಳೆದ ಮೇಲೆಯೂ ಆ ಧರ್ಮವು ನಿಂತಿದ್ದರೆ ಅದಕ್ಕೆ ಇದೂ ಒಂದು ಕಾರಣವೆಂಬುದರಲ್ಲಿ ಸಂದೇಹವಿಲ್ಲ.

ಮಠಗಳ ಉಚಿತ ಪ್ರಸಾದ ನಿಲಯಗಳ ಕಥೆಯೂ ಇಂತಹುದೇ. ಚಿತ್ರದುರ್ಗದ ಶ್ರೀ ಜಯದೇವ ಮುರುಘರಾಜೇಂದ್ರ ಮಹಾಸ್ವಾಮಿಗಳವರು ನಾಡಿನ ಹಲವು ಪಟ್ಟಣಗಳಲ್ಲಿ ವಿದ್ಯಾರ್ಥಿ ನಿಲಯಗಳನ್ನು ನಿರ್ಮಿಸಿದರು. ತುಮಕೂರಿನ ಸಿದ್ಧಗಂಗೆಯಲ್ಲಿ ಶ್ರೀ ಉದ್ದಾನ ಶಿವಯೋಗಿಗಳವರು 1917ರಲ್ಲಿ ಸಂಸ್ಕೃತ ಪಾಠಶಾಲೆಯನ್ನು ಸ್ಥಾಪಿಸಿದರು. 1930ರಲ್ಲಿ ವಿರಕ್ತಾಶ್ರಮವನ್ನು ಸ್ವೀಕರಿಸಿದ ಶ್ರೀ ಶಿವಕುಮಾರ ಮಹಾಸ್ವಾಮಿಗಳವರು 2019ರಲ್ಲಿ ಲಿಂಗೈಕ್ಯರಾಗುವ ವೇಳೆಗೆ ಆ ಕ್ಷೇತ್ರದಲ್ಲಿ ಸುಮಾರು ಹತ್ತು ಸಾವಿರ ಬಾಲಕರು ಊಟ, ವಸತಿ, ವಿದ್ಯೆಗಳನ್ನು ಪಡೆಯುತ್ತಿದ್ದರು. ಅಷ್ಟು ದೊಡ್ಡ ಒಲೆಯು ಒಬ್ಬ ಧನಿಕನ ಸೌದೆಯಿಂದ ಉರಿದದ್ದಲ್ಲ. ರಾಗಿಯ ಚೀಲ, ತೆಂಗಿನಕಾಯಿಯ ಹೊರೆ, ಹುಣಿಸೆಯ ಹಣ್ಣು, ಬಡವಿಯೊಬ್ಬಳು ಸೆರಗಿನಲ್ಲಿ ತಂದ ಮುಷ್ಟಿ ಧಾನ್ಯ, ಇವೆಲ್ಲವೂ ಕೂಡಿಯೇ ಅಲ್ಲಿನ ಪ್ರಸಾದವು. ಹಾಗೆ ತಂದವರು ತಮ್ಮ ಧಾನ್ಯವು ಬೆಂದು ಮಕ್ಕಳ ತಟ್ಟೆಗೆ ಬಿದ್ದದ್ದನ್ನು ಪಂಕ್ತಿಯಲ್ಲಿಯೇ ಕಂಡರು. ಕಂಡದ್ದರಿಂದ ಮರುವರ್ಷವೂ ತಂದರು.

ಈ ಕಡೆಯ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಹಳ್ಳಿಯ ಮನೆಯ ವಿಚಾರಕ್ಕೆ ಬರತಕ್ಕದ್ದು. ಸವಳಂಗದ ಸುತ್ತಣ ಸೀಮೆಯು ಅರೆಮಲೆನಾಡು. ಇಲ್ಲಿನ ಹಳೆಯ ಮನೆಗಳು ಮಣ್ಣುಗೋಡೆಯವು, ಹೆಂಚಿನ ಮಾಡಿನವು. ಒಂದು ಹೆಂಚು ಸರಿದರೆ ಗೋಡೆಯ ನೆತ್ತಿಗೆ ನೀರಿಳಿಯುವುದು. ಆರಿದ್ರೆ ಪುನರ್ವಸುಗಳ ಮಳೆ ಒಂದೇ ಸಮನೆ ಹಿಡಿದರೆ ನೆನೆದ ಗೋಡೆಯು ರಾತ್ರೋರಾತ್ರಿ ಕುಸಿಯುವುದು. ದುಡಿಯುವ ಗಂಡಸಿಲ್ಲದ ಮನೆಯಲ್ಲಿ, ವೃದ್ಧ ದಂಪತಿಗಳ ಮನೆಯಲ್ಲಿ ಆ ಹೆಂಚನ್ನು ಸರಿಪಡಿಸುವವರಾರು?

ಸರ್ಕಾರವು ಈ ವಿಷಯದಲ್ಲಿ ಸುಮ್ಮನಿಲ್ಲ. ಕರ್ನಾಟಕದಲ್ಲಿ 1991–92ರಲ್ಲಿ ಆಶ್ರಯ ಯೋಜನೆಯು ಬಂದಿತು. 2000ದಲ್ಲಿ ವಸತಿ ಕಾರ್ಯಕ್ಕಾಗಿಯೇ ಒಂದು ನಿಗಮವು ಸ್ಥಾಪಿತವಾಯಿತು. 2016ರಲ್ಲಿ ಪ್ರಾರಂಭವಾದ ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯು ಸಮತಟ್ಟಾದ ಪ್ರದೇಶಗಳಲ್ಲಿ ಕನಿಷ್ಠ 25 ಚದರ ಮೀಟರಿನ ಮನೆಯೊಂದಕ್ಕೆ 1,20,000 ರೂಪಾಯಿಗಳ ನೆರವನ್ನು ಗೊತ್ತುಮಾಡಿತು. ಆದರೆ ಈ ಹಣವು ಕಂತುಕಂತಾಗಿ, ಕೆಲಸವು ಮೇಲೇರಿದಂತೆ ಬರತಕ್ಕದ್ದು. ಕಂತಿಗೂ ಕಂತಿಗೂ ನಡುವೆ ಗಾರೆಯವನ ಕೂಲಿಯನ್ನು ಕೊಡಲಾರದ ಬಡವನ ಮನೆಯು ಕಿಟಕಿಯ ಮಟ್ಟಕ್ಕೆ ನಿಂತುಬಿಡುವುದು. ಅರ್ಧ ಕಟ್ಟಿದ ಗೋಡೆಯೊಳಗೆ ಗಿಡ ಬೆಳೆಯುವುದು. ಮನೆಯವರು ಪಕ್ಕದಲ್ಲಿ ತಗಡಿನ ಮರೆಯಲ್ಲಿ ಮಳೆಗಾಲವನ್ನು ಕಳೆಯುವರು. ಮಠದ ಭಕ್ತರು ಹೆಗಲುಕೊಡಬೇಕಾದದ್ದು ಇಂತಹ ಎಡೆಯಲ್ಲಿ. ನೂರು ಮನೆಗಳನ್ನು ಹೊಸದಾಗಿ ಕಟ್ಟಿಸುವ ಶಕ್ತಿಯು ಒಂದು ಊರಿಗೆ ಇಲ್ಲದಿರಬಹುದು. ನಿಂತ ಮನೆಗೆ ಒಂದು ಬಾಗಿಲು, ಸೋರುವ ಮಾಡಿಗೆ ಇನ್ನೂರು ಹೆಂಚು, ಬಡಗಿಯೊಬ್ಬನ ಎರಡು ದಿನದ ಕಾಯಕ, ಇವು ಯಾವ ಊರಿನ ಶಕ್ತಿಗೂ ಮೀರಿದವಲ್ಲ.

ಇಷ್ಟಾದರೂ ಇಂತಹ ಕಾರ್ಯಗಳು ಆರಂಭದ ಉತ್ಸಾಹದಲ್ಲಿ ನಡೆದು, ಮೂರನೆಯ ವರ್ಷಕ್ಕೆ ಬಾಡುವುದೇಕೆ? ಭಕ್ತರ ಭಕ್ತಿಯು ಕುಗ್ಗಿತೆಂದು ಹೇಳಿ ಸುಮ್ಮನಾಗುವುದು ಸುಲಭ. ನಿಜವಾದ ಕಾರಣವು ಬಹುಮಟ್ಟಿಗೆ ಬೇರೆ. ಕೊಟ್ಟವನಿಗೆ ಕೊಟ್ಟದ್ದರ ಸುದ್ದಿಯು ತಲುಪಲಿಲ್ಲ. ಚಂದಾ ಕೇಳುವ ದಿನ ಮನೆಯ ಬಾಗಿಲಿಗೆ ಬಂದವರು, ಕೆಲಸವು ಮುಗಿದ ದಿನ ಆ ಬಾಗಿಲಿಗೆ ಬರಲಿಲ್ಲ. ಬಿತ್ತಿದವನಿಗೆ ಪೈರನ್ನು ನೋಡುವ ಹಕ್ಕಿಲ್ಲವೆಂದರೆ ಅವನು ಮತ್ತೆ ಬಿತ್ತುವುದಾದರೂ ಹೇಗೆ? ಆದುದರಿಂದ ಸುದ್ದಿಯನ್ನು ತಿಳಿಸುವುದು ದಾಸೋಹವಾದ ಮೇಲೆ ಮಾಡುವ ಉಪಚಾರದ ಮಾತಲ್ಲ. ಅದು ದಾಸೋಹದ ಒಂದು ಅಂಗ, ತೀರಿಸಲೇಬೇಕಾದ ಒಂದು ಋಣ.

ಆ ಸುದ್ದಿಯಲ್ಲಿ ಮೂರು ಸಂಗತಿಗಳು ಇರತಕ್ಕವು. ಮೊದಲನೆಯದು ಲೆಕ್ಕ: ಎಷ್ಟು ಬಂದಿತು, ಎಷ್ಟು ವ್ಯಯವಾಯಿತು, ಎಷ್ಟು ಉಳಿಯಿತು. ಹತ್ತು ರೂಪಾಯಿ ಕೊಟ್ಟವನಿಗೂ ಹತ್ತು ಸಾವಿರ ಕೊಟ್ಟವನಿಗೂ ಒಂದೇ ಲೆಕ್ಕವು ತಲುಪಬೇಕು. ಎರಡನೆಯದು ಸ್ಥಿತಿ: ಯಾವ ಕೆಲಸವು ಮುಗಿಯಿತು, ಯಾವುದು ನಿಂತಿತು, ನಿಂತದ್ದಕ್ಕೆ ಕಾರಣವೇನು. ಕೆಟ್ಟ ಸುದ್ದಿಯನ್ನು ಮರೆಮಾಡಿದ ಸಂಸ್ಥೆಯ ಒಳ್ಳೆಯ ಸುದ್ದಿಯನ್ನೂ ಜನರು ನಂಬಲಾರರು. ಮೂರನೆಯದು ಅಗತ್ಯ: ಮುಂದೆ ಏನು ಬೇಕು, ಎಷ್ಟು ಬೇಕು. ಹಣವೇ ಬೇಕೆಂದಿಲ್ಲ, ಮರ, ಹೆಂಚು, ಕಾಯಕ, ಕಚೇರಿಯ ಅರ್ಜಿಯನ್ನು ಬರೆದುಕೊಡುವ ಲೇಖನಿ, ಎಲ್ಲವೂ ಸಲ್ಲುವುವು.

ಎಷ್ಟು ಬೇಕೋ ಅಷ್ಟನ್ನೇ ಕೇಳಬೇಕೆಂಬುದಕ್ಕೆ ಆಯ್ದಕ್ಕಿ ಲಕ್ಕಮ್ಮನವರಿಗಿಂತ ಬೇರೆ ಗುರುವಿಲ್ಲ. ಪತಿಯಾದ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಆ ತಾಯಿಯು ಹೆಚ್ಚಾದುದನ್ನು ಇದ್ದಲ್ಲಿಗೇ ಸುರಿದು ಬರುವಂತೆ ಹೇಳಿದರೆಂಬುದು ಶರಣಚರಿತ್ರೆಯಲ್ಲಿ ಪ್ರಸಿದ್ಧ. ಧರ್ಮಸಂಸ್ಥೆಯ ಪಾಲಿಗೆ ಇದರ ಅರ್ಥವೇನೆಂದರೆ, ಅಗತ್ಯವು ತೀರಿದ ದಿನ ತೀರಿತೆಂದು ಹೇಳುವ ಧೈರ್ಯವಿರಬೇಕು. ಹಾಗೆ ಹೇಳಬಲ್ಲವರು ಮತ್ತೊಮ್ಮೆ ಬೇಕೆಂದು ಕೇಳಿದಾಗ ಯಾರೂ ಸಂಶಯಪಡರು.

ಸುದ್ದಿಯಲ್ಲಿ ಇರಬಾರದ ಸಂಗತಿಯೊಂದುಂಟು. ಈ ಕಾಲದಲ್ಲಿ ಅದನ್ನು ಒತ್ತಿ ಹೇಳುವುದು ಅವಶ್ಯಕವಾಗಿದೆ. ಈಗ ಎಲ್ಲರ ಕೈಯಲ್ಲಿಯೂ ಮೊಬೈಲ್ ಫೋನಿದೆ. ಮನೆಯ ಬೀಗದ ಕೈಯನ್ನು ಕೊಡುವಾಗ ಪಡೆಯುವವಳನ್ನು ನಡುವೆ ನಿಲ್ಲಿಸಿ, ಕೊಡುವವರು ಸುತ್ತಲೂ ನಿಂತು ಚಿತ್ರವನ್ನು ತೆಗೆಯಿಸಿ, ಅದನ್ನು ಊರೂರಿಗೆ ಹರಡುವುದು ವಾಡಿಕೆಯಾಗಿದೆ. ನೋಡಿದವರ ಮನಸ್ಸು ಕರಗಿ ಹಣವು ಹೆಚ್ಚು ಕೂಡುವುದೂ ನಿಜವಿರಬಹುದು. ಆದರೆ ಆ ಗೃಹಿಣಿಯ ಮಗನು ಮರುದಿನ ಶಾಲೆಗೆ ಹೋದಾಗ ತಲೆ ತಗ್ಗಿಸಬೇಕಾದರೆ, ಕೊಟ್ಟ ಮನೆಯು ಅವನ ಮಾನವನ್ನು ಕಿತ್ತುಕೊಂಡಂತಾಯಿತು. ಮೋಳಿಗೆಯ ಮಾರಯ್ಯನವರು ಕಟ್ಟಿಗೆಯನ್ನು ಮಾರಿ ಜಂಗಮದಾಸೋಹವನ್ನು ನಡೆಸುತ್ತಿದ್ದಾಗ, ಬಸವೇಶ್ವರರು ಗುಪ್ತವಾಗಿ ಬಂದು ಹೊನ್ನನ್ನು ಇರಿಸಿ ಹೋದರೆಂದೂ, ಕಾಯಕದಿಂದ ಬಾರದ ಆ ಹೊನ್ನನ್ನು ಮಾರಯ್ಯನವರು ತಮಗಾಗಿ ಇಟ್ಟುಕೊಳ್ಳಲಿಲ್ಲವೆಂದೂ ಪುರಾತನರ ಕಥೆಯು ಹೇಳುತ್ತದೆ. ಕೊಡುವವರು ತಮ್ಮನ್ನು ಮರೆಮಾಡಿಕೊಂಡರು. ಆದರೂ ಪಡೆಯುವವರ ಸ್ವಾಭಿಮಾನವು ಅದಕ್ಕಿಂತ ಹಿರಿದಾಗಿ ನಿಂತಿತು. ಮನೆಯ ಗೋಡೆಯ ಚಿತ್ರವಿರಲಿ, ಮಾಡಿನ ಚಿತ್ರವಿರಲಿ, ಲೆಕ್ಕದ ಪುಸ್ತಕದ ಚಿತ್ರವಿರಲಿ. ಬಡವರ ಕಣ್ಣೀರಿನ ಚಿತ್ರವು ಬೇಡ.

ಸುದ್ದಿಯು ಒಂದೇ ದಿಕ್ಕಿಗೆ ಹರಿದರೆ ಸಾಲದು. ಕೊಡುವವರಿಂದ ಪಡೆಯುವವರ ಕಡೆಗೂ, ಪಡೆಯುವವರಿಂದ ಕೊಡುವವರ ಕಡೆಗೂ ಹರಿಯಬೇಕು. ಇದಕ್ಕೆ 2009ರ ಪಾಠವೊಂದಿದೆ. ಆ ವರ್ಷದ ಸೆಪ್ಟೆಂಬರ್ ಕೊನೆಯಲ್ಲಿ ಮತ್ತು ಅಕ್ಟೋಬರ್ ಆದಿಯಲ್ಲಿ ಉತ್ತರ ಕರ್ನಾಟಕದಲ್ಲಿ ಮಹಾಮಳೆಯು ಸುರಿದು, ನದಿಗಳು ಉಕ್ಕಿ, ಅಸಂಖ್ಯಾತ ಮನೆಗಳು ನೆಲಸಮವಾದವು. ‘ಆಸರೆ’ ಎಂಬ ಹೆಸರಿನಿಂದ ಸರ್ಕಾರವೂ, ದಾನಿಗಳೂ, ಧರ್ಮಸಂಸ್ಥೆಗಳೂ ಕೂಡಿ ಸಂತ್ರಸ್ತರಿಗೆ ಹೊಸ ಮನೆಗಳನ್ನು ಕಟ್ಟಿಸಿದರು. ಅದು ನಾಡಿನ ಔದಾರ್ಯಕ್ಕೆ ಸಾಕ್ಷಿ. ಆದರೂ ಕೆಲವು ಕಡೆಗಳಲ್ಲಿ ಕಟ್ಟಿದ ಮನೆಗಳು ಬಹುಕಾಲ ವಾಸವಿಲ್ಲದೆ ಉಳಿದವು. ಹೊಸ ಠಾವು ಹೊಲದಿಂದ ದೂರ. ಎತ್ತು ಎಮ್ಮೆಗಳಿಗೆ ಕೊಟ್ಟಿಗೆಯಿಲ್ಲ. ಧಾನ್ಯಕ್ಕೆ, ಹೊಟ್ಟಿಗೆ, ನೇಗಿಲಿಗೆ ಜಾಗವಿಲ್ಲ. ಒಕ್ಕಲಿಗನಿಗೆ ಮನೆಯೆಂದರೆ ಮಲಗುವ ಕೋಣೆ ಮಾತ್ರವಲ್ಲ, ಅದು ಅವನ ಕಾಯಕದ ಕ್ಷೇತ್ರ. ವಾಸಿಸತಕ್ಕವರನ್ನು ಮೊದಲೇ ಕೇಳಿ, ಅವರ ಮಾತಿನಂತೆ ನಡೆದಲ್ಲಿ ಇಂತಹ ಲೋಪವು ಬಹಳಷ್ಟು ತಪ್ಪುವುದು. ಆಸರೆಯನ್ನು ಪಡೆಯುವವನು ಭಿಕ್ಷುಕನಲ್ಲ. ಆ ಮನೆಯ ವಿಷಯದಲ್ಲಿ ಎಲ್ಲರಿಗಿಂತ ಹೆಚ್ಚು ಬಲ್ಲವನು.

ಭಕ್ತಮಹಾಶಯರೇ, ಈ ಮಹೋತ್ಸವದ ನೆನಪು ಬರಿಯ ಮಂಟಪದ ತೋರಣದಲ್ಲಿ ಒಣಗದಿರಬೇಕಾದರೆ ಕೆಲವು ನಿಯಮಗಳನ್ನು ಕೈಕೊಳ್ಳುವುದು ಉಚಿತ. ಸವಳಂಗದ ಸುತ್ತಣ ಪ್ರತಿಯೊಂದು ಹಳ್ಳಿಯಲ್ಲಿಯೂ ಒಬ್ಬ ಸದ್ಭಕ್ತನೂ ಒಬ್ಬ ಸದ್ಭಕ್ತೆಯೂ ಮಳೆಗಾಲಕ್ಕೆ ಮುಂಚೆ, ಚೈತ್ರ ವೈಶಾಖಗಳಲ್ಲಿಯೇ, ಊರಿನ ಮನೆಗಳ ಮಾಡನ್ನು ನೋಡಿ ಬರಲಿ. ಯಾವ ಮನೆಯು ಸೋರುವುದು, ಯಾವುದು ಕಂತಿಗಾಗಿ ನಿಂತಿರುವುದು, ಪರಸ್ಥಳದಲ್ಲಿ ಓದುವ ಯಾವ ಹುಡುಗ ಹುಡುಗಿಯರಿಗೆ ನಿಲಯವು ದೊರೆತಿಲ್ಲ ಎಂಬುದನ್ನು ಮಠಕ್ಕೆ ತಿಳಿಸಲಿ. ಸುಗ್ಗಿಯಲ್ಲಿ ಕಣದಿಂದ ಧಾನ್ಯವು ಏಳುವಾಗ ಪ್ರಸಾದ ನಿಲಯದ ಪಾಲು ಮೊದಲೇ ಬೇರೆಯಾಗಲಿ. ಬಸವಜಯಂತಿಯಂದು ಒಮ್ಮೆ, ಶಿವರಾತ್ರಿಯಂದು ಒಮ್ಮೆ, ಸಭೆಯಲ್ಲಿ ಲೆಕ್ಕವನ್ನು ಗಟ್ಟಿಯಾಗಿ ಓದಲಿ; ಓದಿದ ಮೇಲೆ ಅದರ ಪ್ರತಿಯು ಮಠದ ಬಾಗಿಲಲ್ಲಿ ಎಲ್ಲರೂ ನೋಡುವಂತೆ ಇರಲಿ. ಫೋನಿನಲ್ಲಿ ಸುದ್ದಿಯನ್ನು ಕಳುಹಿಸುವ ತರುಣರ ಚುರುಕು ಶ್ಲಾಘ್ಯವೇ. ಆದರೆ ಅದನ್ನು ನೋಡಲಾರದ ವೃದ್ಧರು ಮುಷ್ಟಿ ಧಾನ್ಯವನ್ನು ಕೊಟ್ಟಿರುವರೆಂಬುದನ್ನು ಅವರು ಮರೆಯದಿರಲಿ. ಅಂತಹವರ ಜಗಲಿಗೆ ಹೋಗಿ, ಕುಳಿತು, ಬಾಯಿಮಾತಿನಲ್ಲಿಯೇ ತಿಳಿಸತಕ್ಕದ್ದು.

ಮನೆಯನ್ನು ಕಟ್ಟುವುದು ಒಂದು ವರ್ಷದ ಕೆಲಸ. ಮನೆಯ ಮಾಡನ್ನು ಕಾಯುವುದು ತಲೆಮಾರುಗಳ ಕೆಲಸ. ನಂಬಿಕೆಯೂ ಮಾಡಿನಂತೆಯೇ. ಒಂದು ಹೆಂಚು ಸರಿದಾಗಲೇ ಕಂಡು ಸರಿಪಡಿಸಿದರೆ ಗೋಡೆಯು ಉಳಿಯುವುದು. ವರ್ಷಕ್ಕೆರಡು ಸಲ ನಿಜವಾದ ಸುದ್ದಿಯನ್ನು ಭಕ್ತರ ಮುಂದಿಡುವ ಕಾರ್ಯವು ಆ ಹೆಂಚನ್ನು ನೋಡಿಕೊಳ್ಳುವ ಕಾರ್ಯವೇ ಆಗಿದೆ. ಶ್ರೀಗುರುವಿನ ಕೃಪೆಯಿಂದ ಅದು ಈ ಸೀಮೆಯಲ್ಲಿ ಅವಿಚ್ಛಿನ್ನವಾಗಿ ನಡೆಯಲಿ; ಈ ಮಳೆಗಾಲದಲ್ಲಿ ಯಾವ ಮನೆಯ ತೊಟ್ಟಿಲ ಮೇಲೂ ಮಾಡಿನ ನೀರು ತೊಟ್ಟಿಕ್ಕದಿರಲಿ.